ಸಾರಕ್ಕಿ ಸಂಘದ ಹೊಸ ಭರ್ತಿ

ಜಯನಗರ, ಬೆಂಗಳೂರು
12 ಏಪ್ರಿಲ್ 1956

ಚಿ. ಬೈರಣ್ಣನಿಗೆ ಸೇತುರಾಮನ ಆಶೀರ್ವಾದಗಳು.

ಹತ್ತು ತಿಂಗಳಾದ ಮೇಲೆ ಈ ಮನುಷ್ಯನಿಗೆ ನನ್ನ ವಿಳಾಸ ಎಲ್ಲಿ ಸಿಕ್ಕಿತು ಎಂದು ಯೋಚಿಸುತ್ತೀಯೆ. ನಿನ್ನ ತಾಯಿ ಮುನಿವೆಂಕಟಮ್ಮನವರು ಕೊಟ್ಟರು. ನಾನೇ ಸಾರಕ್ಕಿಗೆ ಸೈಕಲ್ ತುಳಿದುಕೊಂಡು ಹೋಗಿ ಕೇಳಿದೆ ಎಂದು ತಿಳಿಯಬೇಡ. ಹುಣಸೆಹಣ್ಣು ಕೊಡಲು ನಮ್ಮ ಮನೆಗೆ ಬಂದಿದ್ದರು, ಮಾತಿಗೆ ಮಾತು ಬಂತು, ಅಷ್ಟೆ.

ರೈಲ್ವೆ ಪ್ಲಾಟ್‌ಫಾರಂನಲ್ಲಿ ನಿನಗೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಈ ಕಾಗದ ಬರೆಯುತ್ತಿಲ್ಲ. ಕೆಲಸದ ಆಸೆಗೆ ನಮ್ಮ ಫುಟ್ಬಾಲ್ ಸಂಘವನ್ನು ಬಿಟ್ಟು ಚಿನ್ನದ ಗಣಿಯ ರೀಫ್ ರೇಂಜರ್ಸ್ ಕ್ಲಬ್ಬಿಗೆ ಹೋದವನು ನೀನು. ಅನ್ನಕ್ಕೆ ಆಟ ಮಾರಿಕೊಂಡವನು ಎಂದೆ, ಅದು ನನ್ನ ಅಭಿಪ್ರಾಯ. ಆದರೆ ಸಂಘದ ಸಮಾಚಾರವನ್ನು ನಿನಗೆ ಬೇರೆ ಯಾರೂ ಸರಿಯಾಗಿ ಬರೆಯುವುದಿಲ್ಲ. ಸಾರಕ್ಕಿ ಸಂಘ ಹುಟ್ಟಿದ ದಿನದಿಂದ ಒಂದೂ ಆಟ ತಪ್ಪಿಸದೆ ಗೆರೆಯ ಪಕ್ಕ ನಿಂತು ಗಂಟಲು ಹರಿದುಕೊಂಡವನು ನಾನೊಬ್ಬನೇ. ಆದ್ದರಿಂದ ಬರೆಯುತ್ತಿದ್ದೇನೆ.

ಈ ವರ್ಷದಿಂದ ನಮ್ಮ ಲೀಗಿನಲ್ಲಿ ಬರಿಗಾಲಿನ ಆಟ ಇಲ್ಲ. ಬೂಟು ಕಡ್ಡಾಯ. ಹನ್ನೊಂದು ಜನಕ್ಕೂ ಬೂಟಿಲ್ಲದಿದ್ದರೆ ಆಟಕ್ಕೇ ಇಳಿಸುವುದಿಲ್ಲವಂತೆ. ನಮ್ಮ ಹುಡುಗರ ಪೈಕಿ ಮದುವೆಯ ದಿನವೂ ಬೂಟು ಹಾಕಿದವರು ಯಾರಿದ್ದಾರೆ ಹೇಳು! ಸೆಕ್ರೆಟರಿ ಸೋಮಲಿಂಗಪ್ಪ ತನ್ನ ರಾಗಿ ಮಿಲ್ಲು ಮುಚ್ಚಿಕೊಂಡು ಪೇಟೆಗೆ ಹೋಗಿ ಹನ್ನೆರಡು ಜೊತೆ ಬೂಟು ಹೇರಿಕೊಂಡು ಬಂದ. ಕಲ್ಲಿನಂತೆ ಗಟ್ಟಿ. ಒಬ್ಬನ ಕಾಲೂ ಒಳಗೆ ಹೋಗಲಿಲ್ಲ. ಆಗ ಊರಿನ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದರು: "ಹೊಸ ಚರ್ಮ ಕಣ್ರಲಾ, ಕಪಿಲೆ ಚೀಲ ಹದ ಮಾಡಂಗೆ ಮಾಡ್ಬೇಕು. ಕೆರೇಲಿ ನೆನೆಹಾಕಿ, ಆಮ್ಯಾಕೆ ಹರಳೆಣ್ಣೆ ತಿಕ್ಕಿ." ಬಾವಿಯಿಂದ ನೀರೆತ್ತುವ ಚರ್ಮದ ಚೀಲವನ್ನು ಮೂರು ತಲೆಮಾರಿನಿಂದ ಹದ ಮಾಡಿದ ಕೈಗಳು, ಎದುರಾಡುವವರು ಯಾರು? ಎರಡು ದಿನ ಸಾರಕ್ಕಿ ಕೆರೆಯಲ್ಲಿ ಬೂಟುಗಳನ್ನು ಕಲ್ಲು ಕಟ್ಟಿ ಮುಳುಗಿಸಿದರು. ಮೂರನೆಯ ದಿನ ಎತ್ತಿದರೆ ಅಟ್ಟೆಗಳು ಗಂಜಿಯಾಗಿ ಕೈಗೆ ಬಂದವು. ಪೇಟೆಯವನು ಅಟ್ಟೆಗೆ ಚರ್ಮದ ಬದಲು ರಟ್ಟು ಇಟ್ಟಿದ್ದ.

ಬೇರೆ ಕ್ಲಬ್ಬುಗಳು ಏನು ಮಾಡುತ್ತಿವೆ ಕೇಳು. ಗಾಂಧಿ ಬಜಾರ್ ರೋವರ್ಸ್ ಮದರಾಸಿನಿಂದ ಒಬ್ಬ ಸೆಂಟರ್ ಹಾಫನ್ನು ಕರೆಸಿದ್ದಾರೆ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಂಥ ಆಳು. ಲಾಲ್‌ಬಾಗ್ ಹೀರೋಸ್ ಮಿಲಿಟರಿಯಿಂದ ಇಬ್ಬರನ್ನು ಎಳೆದುಕೊಂಡಿದ್ದಾರೆ. ನಮ್ಮವರು ಕೊಂಡದ್ದು ಹನ್ನೆರಡು ಜೊತೆ ಗಂಜಿ.

ನಿನ್ನ ಎಡಗಾಲು ಈಗ ಯಾರ ಯಾರ ಗೋಲು ಒಡೆಯುತ್ತಿದೆಯೋ ಬರೆ. ಬರೆಯದಿದ್ದರೂ ಚಿಂತೆಯಿಲ್ಲ.

ಇತಿ,
ಎನ್. ಸೇತುರಾಮ


ಉರಿಗಾಂ, ಕೋಲಾರ ಚಿನ್ನದ ಗಣಿ
24 ಏಪ್ರಿಲ್ 1956

ಸೇತುರಾಮಣ್ಣನವರಿಗೆ ಬೈರಣ್ಣನ ನಮಸ್ಕಾರಗಳು.

ತಮ್ಮ ಕಾಗದ ಬಂತು. ಮೂರು ಸಲ ಓದಿದೆ. ಬೂಟು ಕೆರೆಗೆ ಹಾಕಿದ್ದನ್ನು ಓದಿ ರೂಮಿನಲ್ಲಿ ಒಬ್ಬನೇ ನಕ್ಕೆ. ನನ್ನ ಜೊತೆ ಇರುವ ಟಿಂಬರ್ ಯಾರ್ಡಿನ ಗುಮಾಸ್ತ ಶಾಂತವೀರಪ್ಪನವರು "ಏನಪ್ಪಾ, ನೀನೂ ನಗ್ತೀಯಾ?" ಎಂದರು.

ಇಲ್ಲಿ ಎಲ್ಲ ಚೆನ್ನಾಗಿದೆ. ಮೈದಾನದ ತುಂಬ ಹುಲ್ಲು. ಗೋಲಿಗೆ ನಿಜವಾದ ಬಲೆ ಇದೆ. ಊಟಕ್ಕೆ ತೊಂದರೆಯಿಲ್ಲ. ನನ್ನನ್ನು ಟಿಂಬರ್ ಯಾರ್ಡಿಗೆ ಹಾಕಿದ್ದಾರೆ, ಮರದ ದಿಮ್ಮಿಗಳಿಗೆ ನಂಬರು ಬರೆಯುವ ಕೆಲಸ. ಬೂಟಿಗೆ ಹರಳೆಣ್ಣೆ ಹಾಕಬಾರದು. ಇಲ್ಲಿಯವರು ಮೇಣ ಹಾಕುತ್ತಾರೆ.

ಅಮ್ಮ ಹುಣಸೆಹಣ್ಣು ಹೊತ್ತುಕೊಂಡು ಜಯನಗರದವರೆಗೂ ನಡೆದು ಬರುತ್ತಾರೆಯೇ? ಅವರ ಮಂಡಿ ನೋವು ಹೇಗಿದೆ? ನನಗೆ ಬರೆಸುವ ಕಾಗದದಲ್ಲಿ ಅದನ್ನು ಹೇಳುವುದಿಲ್ಲ.

ಎಡಪಕ್ಕದಲ್ಲಿ ಈಗ ಯಾರು ಆಡುತ್ತಾರೆ?

ಇತಿ ತಮ್ಮ ವಿಧೇಯ,
ಬೈರಣ್ಣ


ಜಯನಗರ
3 ಮೇ 1956

ಚಿ. ಬೈರಣ್ಣನಿಗೆ,

ಎಡಪಕ್ಕದಲ್ಲಿ ಯಾರೂ ಆಡುವುದಿಲ್ಲ. ಆ ಜಾಗದಲ್ಲಿ ಒಬ್ಬ ನಿಂತಿರುತ್ತಾನೆ, ಅಷ್ಟೆ. ನಿನ್ನ ತಾಯಿಯವರ ಮಂಡಿ ಪರವಾಗಿಲ್ಲ. ಹೋಗುವಾಗ ಬಸ್ಸು ಹತ್ತಿಸುತ್ತೇನೆ ಎಂದರೆ ಕೇಳುವುದಿಲ್ಲ. ನಿನ್ನ ಹಟ ಎಲ್ಲಿಂದ ಬಂತು ಎಂದು ಗೊತ್ತಾಯಿತು.

ನೀನು ನಾಲ್ಕು ಸಾಲು ಬರೆದೆ, ಒಂದು ಗೋಲಿನ ಮಾತೂ ಇಲ್ಲ. ದೊಡ್ಡ ಕ್ಲಬ್ಬಿಗೆ ಹೋದ ಮೇಲೆ ಬಿಂಕ ಬಂದಿರಬೇಕು. ಇರಲಿ.

ಈಗ ಸೋಮಲಿಂಗಪ್ಪನ ಘನಕಾರ್ಯ ಕೇಳು. ಕಳೆದ ಭಾನುವಾರ ರಾಗಿ ಮಿಲ್ಲಿನ ಮುಂದೆ ಎಲ್ಲರನ್ನೂ ಸೇರಿಸಿ, "ಈ ಬ್ಯಾಸಗೆಗೆ ನಮ್ಮ ಸಂಘಕ್ಕೆ ಒಬ್ರನ್ನ ಹಿಡ್ಕಂಡು ಬಂದಿವ್ನಿ. ಇಪ್ಪತ್ತು ವರ್ಷ ಮಿಲಿಟರಿ ಜೊತೆ ಇದ್ದೋರು" ಎಂದ. ನನ್ನ ಎದೆ ಹಿಗ್ಗಿತು. ಹೀರೋಸಿನವರಿಗೆ ಸಿಪಾಯಿಗಳು ಬಂದರೆ ನಮಗೂ ಒಬ್ಬ ಬಂದ ಎಂದುಕೊಂಡು ಓಡಿಹೋಗಿ ಹೂವಿನ ಹಾರ ತಂದೆ. ಜಟಕಾ ಬಂತು. ಇಳಿದವರು ಯಾರು? ಐವತ್ತು ದಾಟಿದ ಹೆಂಗಸು. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ, ಕೈಯಲ್ಲಿ ಸುತ್ತಿದ ಚರ್ಮ. ನೀಲಸಂದ್ರದ ಮರಿಯಮ್ಮ. ಗಂಡ ಪಲ್ಟನ್ನಿಗೆ ಬೂಟು ಹೊಲಿಯುತ್ತಿದ್ದನಂತೆ. ಆತನ ಕಣ್ಣು ಮಂಜಾದ ಮೇಲೆ ಹೊಲಿದದ್ದೆಲ್ಲ ಈಕೆಯೇ. ಈಗ ಆತ ಇಲ್ಲ.

ನಾನು ಹಾರ ಹಿಡಿದುಕೊಂಡು ಪೆಚ್ಚಾಗಿ ನಿಂತೆ. "ಲೋ ಸೋಮಲಿಂಗಪ್ಪ, ಊರಿನವರೆಲ್ಲ ಸೆಂಟರ್ ಹಾಫು, ಸೆಂಟರ್ ಫಾರ್ವರ್ಡು ಅಂತ ತರ್ತಿದ್ರೆ ನೀನು ಬೂಟು ಹೊಲಿಯೋರನ್ನ ತಂದಿದ್ದೀಯಲ್ಲ, ನಿಂಗೆ ಬುದ್ಧಿ ನೆಟ್ಟಗಿದೆಯೇನೋ?" ಎಂದು ಎಲ್ಲರ ಮುಂದೆ ಕೇಳಿದೆ. ಆಕೆಗೆ ಕೇಳಿಸಿತು. "ಸೆಂಟರ್ ಹಾಫು ಬರಿಗಾಲಲ್ಲಿ ಬಂದ್ರೆ ಒಳಗೆ ಬಿಡ್ತಾರಾ ಸ್ವಾಮಿ?" ಎಂದು ಕೇಳಿ ಮಿಲ್ಲಿನ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದಳು. ನಾನು ಹಾರವನ್ನು ಮಿಲ್ಲಿನ ಗಣಪತಿ ಪಟಕ್ಕೆ ಹಾಕಿ ಮನೆಗೆ ಬಂದೆ.

ಆಮೇಲೆ ಇನ್ನೊಂದು ರಗಳೆ. ಅಳತೆ ತೆಗೆಯಲು ಆಕೆ ಕಾಲು ಹಿಡಿಯಲು ಹೋದರೆ ನಮ್ಮ ಹುಡುಗರು ಹಾವು ಕಂಡಂತೆ ಹಿಂದಕ್ಕೆ ಜಿಗಿದರು. ತಾಯಿಯ ವಯಸ್ಸಿನವರು ನಮ್ಮ ಕಾಲು ಮುಟ್ಟುವುದುಂಟೆ, ಆಯಸ್ಸು ಕಡಿಮೆಯಾಗುತ್ತದೆ ಎಂದು ಒಬ್ಬೊಬ್ಬನೂ ಕಾಗದದ ಮೇಲೆ ನಿಂತು, ತಾನೇ ಬಗ್ಗಿ, ತನ್ನ ಕಾಲಿನ ಸುತ್ತ ಪೆನ್ಸಿಲ್ ಎಳೆದುಕೊಂಡ. ಬಗ್ಗಿದಾಗ ಭಾರವೆಲ್ಲ ಬೆರಳಿನ ಮೇಲೆ ಬಿದ್ದು ಪಾದ ಅಗಲವಾಗುತ್ತದೆ ಎಂದು ಯಾರಿಗೆ ಗೊತ್ತು? ಮೊದಲ ಎರಡು ಜೊತೆ ದೋಣಿಗಳಾದವು. ಮರಿಯಮ್ಮ ಪೆಟ್ಟಿಗೆ ಮುಚ್ಚಿ, "ಕಾಲು ಮುಟ್ಟೋಕೆ ಬಿಡಿ, ಇಲ್ಲಾಂದ್ರೆ ಜಟಕಾ ಕರೀರಿ" ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಆಕೆ ಕಾಲು ಮುಟ್ಟುವ ಮೊದಲು ಪ್ರತಿಯೊಬ್ಬನೂ ಆಕೆಯ ಕಾಲಿಗೆ ನಮಸ್ಕಾರ ಮಾಡಬೇಕು. ಹಾಗೆ ಸಾಲಾಗಿ ಮಾಡಿದರು. ಅದನ್ನು ನೋಡಿ ನನ್ನ ಸಿಟ್ಟು ಸ್ವಲ್ಪ ಇಳಿದಿದ್ದು ನಿಜ.

ಈಗ ವಿಷಯಕ್ಕೆ ಬರುತ್ತೇನೆ. ಕ್ಲಬ್ಬು ಬದಲಿಸುವವರು ಮೇ 31ರ ಸಂಜೆ ಐದು ಗಂಟೆಯೊಳಗೆ ಅಸೋಸಿಯೇಷನ್ ಆಫೀಸಿಗೆ ಖುದ್ದಾಗಿ ಬಂದು ಫಾರಂಗೆ ರುಜು ಮಾಡಬೇಕು. ಅದು ಗುರುವಾರ. ಆ ಮೇಲೆ ಒಂದು ವರ್ಷ ಬಾಗಿಲು ಮುಚ್ಚಿದಂತೆ. ನಾನು ಬಾ ಎನ್ನುತ್ತಿಲ್ಲ, ತಾರೀಕು ತಿಳಿಸುತ್ತಿದ್ದೇನೆ.

ಜೊತೆಗೆ ಎರಡು ಹಾಳೆ ಇಟ್ಟಿದ್ದೇನೆ. ಕಾಲು ಒದ್ದೆ ಮಾಡಿಕೊಂಡು ಅದರ ಮೇಲೆ ನೆಟ್ಟಗೆ ನಿಲ್ಲು, ಬೇರೆಯವರ ಕೈಯಲ್ಲಿ ಒದ್ದೆ ಗುರುತಿನ ಸುತ್ತ ಪೆನ್ಸಿಲ್ ಎಳೆಸು. ನೀನು ಬಗ್ಗಬೇಡ. ಬರದಿದ್ದರೂ ಕಳಿಸು. ಚರ್ಮ ಮಿಕ್ಕಿದೆ.

ಇತಿ,
ಸೇತುರಾಮ


ಉರಿಗಾಂ
11 ಮೇ 1956

ಸೇತುರಾಮಣ್ಣನವರಿಗೆ ನಮಸ್ಕಾರಗಳು.

ಹಾಳೆಗಳನ್ನು ಕಳಿಸಿದ್ದೇನೆ. ಶಾಂತವೀರಪ್ಪನವರು ಪೆನ್ಸಿಲ್ ಎಳೆದರು. ಸುಮ್ಮನೆ ಕಳಿಸುತ್ತಿದ್ದೇನೆ, ಬೂಟು ಮಾಡಿಸಬೇಡಿ. ಚರ್ಮ ಬೇರೆ ಯಾರಿಗಾದರೂ ಆಗುತ್ತದೆ.

ನಾನು ಬರಲು ಆಗುವುದಿಲ್ಲ. ನೀವೆಲ್ಲ ಗೆರೆಯ ಪಕ್ಕ ನಿಂತು ನೋಡುತ್ತೀರಿ. ಬೇಡ ಅಣ್ಣ.

ಸಂಘ ಗೆಲ್ಲಲಿ.

ಬೈರಣ್ಣ


ಜಯನಗರ
17 ಮೇ 1956

ಪ್ರೀತಿಯ ಬೈರಣ್ಣನಿಗೆ,

ನಿನ್ನ ಹಾಳೆಗಳನ್ನು ತೆಗೆದುಕೊಳ್ಳಲು ಮರಿಯಮ್ಮ ನಿನ್ನೆ ನಮ್ಮ ಮನೆಗೆ ಬಂದಿದ್ದಳು. ಬಂದಿದ್ದರು ಎಂದು ಬರೆಯಬೇಕು. ಜಗಲಿಯ ಮೇಲೆ ಕೂತು ಹಾಳೆ ಬಿಡಿಸಿದರು. ಬಲಗಾಲನ್ನು ಹೀಗೆ ನೋಡಿ ಪಕ್ಕಕ್ಕಿಟ್ಟರು. ಎಡಗಾಲಿನ ಹಾಳೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರಿದರು. ನಾನು ಗರ್ವದಿಂದ "ನಮ್ಮ ಊರಿಗೇ ದೊಡ್ಡ ಆಟಗಾರ. ಗಣಿ ಕ್ಲಬ್ಬಿನಲ್ಲಿ ಮೆರೀತಿದ್ದಾನೆ" ಎಂದೆ.

"ಯಾರು ಹೇಳಿದ್ದು?" ಎಂದರು. "ಈ ಮಗು ಆಟ ಆಡಿ ಎಷ್ಟೋ ತಿಂಗಳಾಗಿದೆ. ನೋಡಿ, ಕಿರುಬೆರಳು ಪಕ್ಕದ ಬೆರಳಿನ ಅಡಿ ಮಡಚಿಕೊಂಡಿದೆ. ಇಲ್ಲಿ ಗುರುತೇ ಬಿದ್ದಿಲ್ಲ, ಎಲ್ಲಾ ಭಾರ ಹಿಮ್ಮಡಿ ಮೇಲೆ. ಕಾಲು ಊರೋಕೇ ಆಗ್ತಿಲ್ಲ ಅವನಿಗೆ. ದೊರೆಗಳ ಕಾಲಿಗೆ ಮಾಡಿದ ಸೀಮೆ ಬೂಟಿಗೆ ಉಳೋನ ಕಾಲು ತುರುಕಿದ್ದಾರೆ. ಪಲ್ಟನ್ನಲ್ಲಿ ಹೊಸಬರು ಹೀಗೇ ಬರೋರು."

ನಾನು ನಿನ್ನ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ಹುಲ್ಲಿದೆ, ಬಲೆಯಿದೆ, ಮರದ ದಿಮ್ಮಿಗಳಿವೆ. ನೀನು ಆಡಿದೆ ಎಂದು ಎಲ್ಲಿಯೂ ಬರೆದಿಲ್ಲ. ಬಿಂಕ ಎಂದವನು ನಾನು. ಹನ್ನೊಂದು ತಿಂಗಳು ಅಲ್ಲಿ ನೋವು ನುಂಗಿಕೊಂಡು ಕೂತೆಯಲ್ಲೋ! ವಾಪಸ್ಸು ಬರಲು ನಿನಗೆ ಅಡ್ಡ ಬಂದದ್ದು ಏನು ಎಂದು ಕೇಳುವ ಧೈರ್ಯ ನನಗಿಲ್ಲ. ಉತ್ತರ ಗೊತ್ತಿದೆ. ಅಷ್ಟು ಜನರ ಮುಂದೆ ಹಾಗೆ ಬೈದವನ ಎದುರು ಕುಂಟಿಕೊಂಡು ಯಾರು ಬರುತ್ತಾರೆ?

ಇನ್ನೊಂದು ಸುದ್ದಿ. ನನಗೆ ಚಿತ್ರದುರ್ಗಕ್ಕೆ ವರ್ಗವಾಗಿದೆ. ಜೂನ್ ನಾಲ್ಕಕ್ಕೆ ಡ್ಯೂಟಿಗೆ ಹಾಜರಾಗಬೇಕು. ನಿನ್ನೆ ಆರ್ಡರು ಕೈಗೆ ಬಂದಾಗ ಸಾಹೇಬರ ಮುಂದೆ ಒಂದು ಮಾತೂ ಆಡದೆ ರುಜು ಹಾಕಿದೆ. ಮನೆಯಲ್ಲಿ ಮರಿಯಮ್ಮನವರು ಕೂತಿದ್ದಾಗಲೇ ಅದನ್ನು ಹೇಳಿದರೆ ನನ್ನ ಹೆಂಡತಿ ಸತ್ಯಭಾಮಾ, "ಆ ಹುಡುಗ ಹೊಟ್ಟೆಪಾಡಿಗೆ ಊರು ಬಿಟ್ಟಾಗ ಏನೇನು ಅಂದ್ರಿ, ಈಗ ನೀವು ಹೊರಟಿರೋದು ಯಾತಕ್ಕೆ?" ಎಂದಳು. ಒಳಗೆ ಹೋಗಿ ಮರಿಯಮ್ಮನವರಿಗೆ ಕಾಫಿ ತಂದಳು, ನೆಂಟರಿಗೆ ಕೊಡುವ ಬೆಳ್ಳಿ ಲೋಟದಲ್ಲೇ.

ನಾನು ಅಂದದ್ದು ತಪ್ಪು, ಬೈರಣ್ಣ. ಪೂರ್ತಿ ತಪ್ಪು. ಕ್ಷಮಿಸು.

ಮರಿಯಮ್ಮನವರು ನಿನ್ನ ಎಡಗಾಲಿಗೆ ಮರದ ಅಚ್ಚು ಕೆತ್ತಲು ಶುರುಮಾಡಿದ್ದಾರೆ. ಬೇಡ ಎಂದು ನೀನು ಬರೆದದ್ದನ್ನು ಓದಿ ಹೇಳಿದೆ. "ಬೇಡ ಅನ್ನೋದು ಬಾಯಿ. ಕಾಲು ಏನನ್ನುತ್ತೆ ನಾನು ನೋಡಿದ್ದೀನಿ" ಎಂದರು. ಮುಂಭಾಗವನ್ನು ಅಗಲ ಬಿಡುತ್ತಾರಂತೆ. ಒಂದು ತಿಂಗಳು ಬೆರಳುಗಳ ನಡುವೆ ಹತ್ತಿ ಇಟ್ಟುಕೊಂಡು ನಡೆದರೆ ಬೆರಳು ತನ್ನ ಜಾಗಕ್ಕೆ ಬರುತ್ತದೆ, ಮತ್ತೆ ಓಡುತ್ತಾನೆ ಎನ್ನುತ್ತಾರೆ.

31ರಂದು ನಾನು ಆಫೀಸಿನ ಗೇಟಿನಲ್ಲಿ ನಿಂತಿರುತ್ತೇನೆ. ಈ ಸಲ ಬಾ ಎಂದೇ ಬರೆಯುತ್ತಿದ್ದೇನೆ.

ನಿನ್ನ,
ಸೇತುರಾಮ


ಚಿತ್ರದುರ್ಗ
20 ಜೂನ್ 1956

ಪ್ರೀತಿಯ ಬೈರಣ್ಣನಿಗೆ,

ಈ ಊರಿನಲ್ಲಿ ಎತ್ತ ನೋಡಿದರೂ ಬಂಡೆ. ನನ್ನ ಆಫೀಸಿನಲ್ಲಿ ಆರು ಜನ, ಒಬ್ಬನಿಗೂ ಕಾರ್ನರ್ ಕಿಕ್ ಎಂದರೇನು ಎಂದು ಗೊತ್ತಿಲ್ಲ. ದಿನಾ ಮಧ್ಯಾಹ್ನ ಅವರಿಗೆ ಮೇ 31ರ ಕಥೆ ಹೇಳುತ್ತೇನೆ. ತಪ್ಪಿಸಿಕೊಳ್ಳಲು ಅವರಿಗೆ ಜಾಗವಿಲ್ಲ.

ನಾಲ್ಕು ಗಂಟೆಗೆ ಸೋಮಲಿಂಗಪ್ಪ ಗೇಟಿನಲ್ಲಿ ಕೂತು ಬೀಡಿ ಮೇಲೆ ಬೀಡಿ ಹಚ್ಚುತ್ತಿದ್ದ. ನಾಲ್ಕೂಕಾಲಿಗೆ ರೋವರ್ಸಿನ ಸೆಕ್ರೆಟರಿ ಹೊರಗೆ ಬಂದು, "ಏನ್ರೀ ಸಾರಕ್ಕಿ, ನಿಮ್ಮ ಚಪ್ಪಲಿ ಹೊಲಿಯೋರು ಫಾರ್ವರ್ಡ್ ಆಡ್ತಾರಾ, ಬ್ಯಾಕ್ ಆಡ್ತಾರಾ?" ಎಂದ. ಒಂದು ತಿಂಗಳ ಹಿಂದೆ ನಾನೇ ಆಡಿದ್ದ ಮಾತದು. ಬೇರೆಯವನ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ನಾಲ್ಕೂಮುಕ್ಕಾಲು. ರೈಲು ತಡ ಎಂದು ಯಾರೋ ಹೇಳಿದರು. ನಾನು ನಿನಗೆ ಬರೆದದ್ದು ಸಾಲದು, ನಾನೇ ಬಂದು ಕರೆಯಬೇಕಿತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಆಗ ನೀನು ತಿರುವಿನಲ್ಲಿ ಕಂಡೆ. ತಗಡಿನ ಟ್ರಂಕು ತಲೆಯ ಮೇಲೆ, ಎಡಗಾಲು ಎಳೆಯುತ್ತ, ಆದರೂ ಬೇಗ ಬೇಗ. ಸೋಮಲಿಂಗಪ್ಪ ಓಡಿಬಂದು ಟ್ರಂಕು ಕಿತ್ತುಕೊಂಡ. ನೀನು ನನ್ನ ಮುಖ ನೋಡಲಿಲ್ಲ, ನಾನೂ ನಿನ್ನ ಮುಖ ನೋಡಲಿಲ್ಲ. ನೀನು ಸೀದಾ ಒಳಗೆ ಹೋಗಿ ರುಜು ಹಾಕಿದೆ. ಗುಮಾಸ್ತ ಮೊಹರು ಕುಟ್ಟಿದಾಗ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ ಇತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಕಾಂಪೌಂಡಿನ ಜಟಕಾ ಕುದುರೆ ಬೆದರಿತು. ಮೂವತ್ತಮೂರು ವರ್ಷ ವಯಸ್ಸಿನ ಸರ್ಕಾರಿ ನೌಕರ, ಎಲ್ಲರ ಮುಂದೆ ಅತ್ತೆ. ನಾಚಿಕೆಯಾಗಲಿಲ್ಲ.

ಆಗಸ್ಟ್ 11ಕ್ಕೆ ರೋವರ್ಸ್ ಜೊತೆ ಆಟ. ನನಗೆ ರಜ ಇಲ್ಲ. ಎಂಟು ವರ್ಷದಲ್ಲಿ ನಾನು ಕಾಣದಿರುವ ಮೊದಲ ಆಟ. ಕಾಲು ವಾಸಿಯಾಗದಿದ್ದರೆ ಆಡಬೇಡ. ಆಡಿದರೆ ಒಂದು ಒದೆತವನ್ನೂ ಬಿಡದೆ ಬರೆ. ಮುಂದೆ ಎಂದಾದರೂ ಗಣಿಯವರು ಮತ್ತೆ ಕರೆದು, ನಿನಗೆ ಹೋಗಬೇಕೆನಿಸಿದರೆ ಹೋಗು. ನಾನೇ ಬಂದು ರೈಲು ಹತ್ತಿಸುತ್ತೇನೆ, ಬಾಯಿ ಮುಚ್ಚಿಕೊಂಡು.

ನಿನ್ನ,
ಸೇತುರಾಮ


ಸಾರಕ್ಕಿ
13 ಆಗಸ್ಟ್ 1956

ಸೇತುರಾಮಣ್ಣನವರಿಗೆ ಬೈರಣ್ಣನ ನಮಸ್ಕಾರಗಳು.

ಗೆದ್ದೆವು. ಎರಡಕ್ಕೆ ಒಂದು. ಮೊದಲು ಇದನ್ನು ಬರೆಯದಿದ್ದರೆ ಕೊನೆಯ ಪುಟಕ್ಕೆ ಹಾರುತ್ತೀರಿ ಎಂದು ಗೊತ್ತು.

ಬೆಳಗಿನಿಂದ ಮಳೆ. ಮೈದಾನ ನಾಟಿ ಗದ್ದೆ ಇದ್ದ ಹಾಗಿತ್ತು. ಬರಿಗಾಲಾಗಿದ್ದರೆ ನಾವು ನಿಲ್ಲುತ್ತಲೂ ಇರಲಿಲ್ಲ. ಮರಿಯಮ್ಮನವರು ಆಟಕ್ಕೆ ಮೊದಲು ಹನ್ನೊಂದು ಜನರ ಬೂಟಿಗೂ ಅಡಿಯಲ್ಲಿ ಚರ್ಮದ ಹೊಸ ಬಿರಡೆಗಳನ್ನು ಹೊಡೆದರು, ಎಂದಿಗಿಂತ ಉದ್ದದವು, ಕೆಸರನ್ನು ಕಚ್ಚಿ ಹಿಡಿಯುವಂಥವು. ರೋವರ್ಸಿನವರು ಅಂಗಡಿ ಬೂಟಿನಲ್ಲಿ ಜಾರಿ ಜಾರಿ ಬಿದ್ದರು. ಆದರೂ ಮೊದಲ ಗೋಲು ಅವರದೇ. ಆ ಮದರಾಸಿನ ಸೆಂಟರ್ ಹಾಫ್ ಕಾರ್ನರಿನಿಂದ ತಲೆಯಲ್ಲಿ ಹೊಡೆದ. ನಿಜಕ್ಕೂ ಬಹಳ ಉದ್ದ ಇದ್ದಾನೆ.

ಆ ವರೆಗೆ ನಾನು ಎಡಗಾಲಿನಲ್ಲಿ ಚೆಂಡು ಮುಟ್ಟಿರಲಿಲ್ಲ. ಅಣ್ಣ, ನಿಮಗೆ ನಿಜ ಹೇಳುತ್ತೇನೆ. ನೋವು ಹೋಗಿ ತಿಂಗಳಾಗಿತ್ತು, ಹೆದರಿಕೆ ಹೋಗಿರಲಿಲ್ಲ. ಚೆಂಡು ಎಡಕ್ಕೆ ಬಂದಾಗಲೆಲ್ಲ ಬಲಗಾಲಿಗೆ ತಂದುಕೊಂಡು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದೆ. ಹಾಫ್ ಟೈಮಿನಲ್ಲಿ ಮರಿಯಮ್ಮನವರು ಬಂದು ನನ್ನ ಎಡ ಬೂಟಿನ ದಾರ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿ, "ಹರಿದ್ರೆ ನಾನಿದ್ದೀನಿ ಹೊಲಿಯೋಕೆ. ಒದಿ" ಎಂದರು.

ಆಟ ಮತ್ತೆ ಶುರುವಾಗಿ ಹತ್ತು ನಿಮಿಷಕ್ಕೆ ನಮ್ಮ ಗಂಗಾಧರಯ್ಯ ಗೋಲಿನ ಮುಂದಿನ ಗಲಾಟೆಯಲ್ಲಿ ಮಂಡಿಯಿಂದಲೋ ಹೊಟ್ಟೆಯಿಂದಲೋ ಒಂದು ಗೋಲು ತಳ್ಳಿದ. ಒಂದಕ್ಕೆ ಒಂದು. ಮುಗಿಯಲು ನಾಲ್ಕು ನಿಮಿಷ ಇರುವಾಗ ಎಡಗೆರೆಯ ಮೇಲೆ ನನಗೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದೆ. ಆ ಉದ್ದನೆಯವನು ಅಡ್ಡ ಬಂದು ನನ್ನ ಬಲಗಡೆಯನ್ನು ಮುಚ್ಚಿ ನಿಂತ. ಎಡಗಾಲು ಒಂದೇ ದಾರಿ. ಯೋಚಿಸಲು ಹೊತ್ತಿರಲಿಲ್ಲ, ಒದ್ದೆ. ಚೆಂಡು ಎಲ್ಲಿಗೆ ಹೋಯಿತೆಂದು ನಾನು ನೋಡಲಿಲ್ಲ, ಜಾರಿ ಬಿದ್ದಿದ್ದೆ. ಕೂಗು ಕೇಳಿ ಗೊತ್ತಾಯಿತು. ಎದ್ದು ನೋಡಿದರೆ ನಮ್ಮಮ್ಮ ಗೆರೆ ದಾಟಿ ಮೈದಾನದೊಳಗೆ ಬಂದುಬಿಟ್ಟಿದ್ದರು. "ಎದ್ದೇಳೋ, ಬಟ್ಟೆ ಕೊಳೆಯಾಯ್ತು" ಎಂದು ನನ್ನನ್ನು ಎತ್ತಿದರು. ರೆಫರಿ ಸೀಟಿ ಊದುತ್ತಲೇ ಇದ್ದ, ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ.

ಆಟ ಮುಗಿದ ಮೇಲಿನದು ಕೇಳಿ. ರೋವರ್ಸಿನ ಸೆಕ್ರೆಟರಿ ಕೊಡೆ ಹಿಡಿದುಕೊಂಡು ಮರಿಯಮ್ಮನವರ ಹತ್ತಿರ ಬಂದರು. ಅವರ ಹಿಂದೆಯೇ ಹೀರೋಸಿನವರು. ನಮ್ಮ ಹುಡುಗರಿಗೂ ಬೂಟು ಮಾಡಿಕೊಡಿ, ನಮ್ಮ ಕ್ಲಬ್ಬಿಗೇ ಬಂದುಬಿಡಿ ಎಂದು ಮಳೆಯಲ್ಲಿ ನಿಂತು ಕೇಳಿದರು. ಸೋಮಲಿಂಗಪ್ಪನವರು ಎದೆಯುಬ್ಬಿಸಿ, "ಭರ್ತಿ ಮಾಡ್ಕೊಳೋ ಟೈಮು ಮೇ ಮೂವತ್ತೊಂದಕ್ಕೇ ಮುಗೀತು ಸ್ವಾಮಿ. ಮುಂದಿನ ಬ್ಯಾಸಗೆಗೆ ಬನ್ನಿ" ಎಂದರು. ಅವರ ಮುಖ ನೀವು ನೋಡಬೇಕಿತ್ತು.

ಗಣಿಯವರೂ ಬಂದಿದ್ದರು, ರೀಫ್ ರೇಂಜರ್ಸಿನ ಮ್ಯಾನೇಜರು. ನನ್ನನ್ನು ಪಕ್ಕಕ್ಕೆ ಕರೆದು ಮುಂದಿನ ಬೇಸಿಗೆಗೆ ತಂಡದಲ್ಲಿ ಜಾಗ ಕೊಡುತ್ತೇನೆ, ಯಾರ್ಡಿನ ಕೆಲಸವಲ್ಲ, ಆಫೀಸಿನಲ್ಲೇ ಕೆಲಸ, ವಾಪಸ್ಸು ಬಾ ಎಂದರು. ನಿಮ್ಮ ಕಾಗದ ನನ್ನ ಜೇಬಿನಲ್ಲಿತ್ತು. ಹೋಗು ಎಂದು ನೀವೇ ಬರೆದಿದ್ದಿರಿ. ನಾನು ಉತ್ತರ ಹುಡುಕುತ್ತಿರುವಾಗಲೇ ಮರಿಯಮ್ಮನವರು ಪೆಟ್ಟಿಗೆ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತರು.

"ಹನ್ನೊಂದು ತಿಂಗಳು ಈ ಕಾಲು ನಿಮ್ಮ ಹತ್ರಾನೇ ಇತ್ತಲ್ಲಪ್ಪಾ. ಆಗ ಯಾರೂ ಬಗ್ಗಿ ನೋಡ್ಲಿಲ್ವಾ?"

ನಾನು ಮ್ಯಾನೇಜರಿಗೆ ಕೈಮುಗಿದು, "ಸಾರ್, ನಾನು ಸಾರಕ್ಕಿಯಲ್ಲೇ ಆಡ್ತೀನಿ" ಎಂದೆ. ಕೋಪದಿಂದ ಅಂದದ್ದಲ್ಲ. ಹೇಳುವಾಗ ನನಗೆ ಬಹಳ ಸಂತೋಷವಾಯಿತು.

ಆಮೇಲೆ ಎಲ್ಲರೂ ಹೊರಟರು. ನಾನು ಒಬ್ಬನೇ ಮೈದಾನಕ್ಕೆ ವಾಪಸ್ಸು ಹೋಗಿ, ಎಡಗೆರೆಯ ಈ ತುದಿಯಿಂದ ಆ ತುದಿಗೆ ಓಡಿದೆ. ಚೆಂಡಿರಲಿಲ್ಲ, ನೋಡುವವರಿರಲಿಲ್ಲ. ಮಳೆಯಲ್ಲಿ ಎಡಗಾಲು ಪೂರ್ತಿ ಊರಿ ಓಡಿದೆ. ನೋಯಲಿಲ್ಲ ಅಣ್ಣ. ಒಂಚೂರೂ ನೋಯಲಿಲ್ಲ.

ಇತಿ ನಿಮ್ಮ,
ಬೈರಣ್ಣ
ಲೆಫ್ಟ್ ಔಟ್, ಸಾರಕ್ಕಿ ಸಂಘ